ಅವತಾರಗಳ ಊರಿಗೆ ಹೊರಟವರಿಗೆ

ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ ಮೊನ್ನೆ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾವು ನಾಲ್ಕಾರು ಜನ ಎಂದಿನಂತೆ ತೊಗರಿಯ ಧಾರಣೆ, ಕಬ್ಬಿನ ಬಾಕಿ ಎಂದು ಮಾತಾಡುತ್ತಿದ್ದೆವು. ಅಷ್ಟರಲ್ಲಿ ಹೈದರಾಬಾದಿನಿಂದ ರಜೆಗೆ ಬಂದಿದ್ದ ಅಂಗಡಿಕಾರರ ಮಗ ತನ್ನ ಲ್ಯಾಪ್‌ಟಾಪನ್ನು ನಮ್ಮ ಮುಂದೆ ತೆರೆದಿಟ್ಟ. ತೆರೆಯ ಮೇಲೆ ಒಂದು ಚೌಕ. ಚೌಕದಲ್ಲಿ ಹತ್ತಾರು ಗಂಡಸರು, ಹೆಂಗಸರು. ನಡುವೆ ಎರಡು ಕಾಲಿನ ಮೇಲೆ ನಿಂತ ಒಂದು ನರಿ. "ಈ ನೀಲಿ ಅಂಗಿಯವನೇ ನಾನು" ಎಂದ. ಆ ನರಿಯ ವೇಷದವನು ಬ್ರೆಜಿಲ್ ದೇಶದವನಂತೆ, ಪಕ್ಕದವಳು ಪುಣೆಯವಳಂತೆ. ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಮಿತ್ರರೊಬ್ಬರು ಬಹಳ ಹೊತ್ತು ಸುಮ್ಮನೆ ನೋಡಿ ಕಡೆಗೊಂದು ಪ್ರಶ್ನೆ ಕೇಳಿದರು: "ಅಲ್ಲಿ ಯೂನಿಯನ್ ಐತೇನು?"

ಎಲ್ಲರೂ ನಕ್ಕರು. ನಾವು ನಗಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರವೂ ಇದೆ. ಇಂದಿನ ಈ ಲೇಖನ ಆ ಉತ್ತರಕ್ಕಾಗಿಯೇ.

ಮೊದಲು ಈ ವಸ್ತು ಏನೆಂಬುದನ್ನು ತಿಳಿಯೋಣ. ಇಂಟರ್ನೆಟ್ಟಿನ ಮೂಲಕ ದೂರದ ಜನ ಒಂದೇ ಕಾಲ್ಪನಿಕ ಊರಿನಲ್ಲಿ ಸೇರಿ ಮಾತಾಡುವ ಏರ್ಪಾಡು ಇದು. ಅಲ್ಲಿ ನಿಮ್ಮ ಪರವಾಗಿ ಒಂದು ಗೊಂಬೆ ನಡೆಯುತ್ತದೆ, ಕೈ ಬೀಸುತ್ತದೆ, ಮಾತಾಡುತ್ತದೆ. ಆ ಗೊಂಬೆಗೆ ಅವರು ಇಟ್ಟ ಹೆಸರು 'ಅವತಾರ'. ನಮ್ಮ ಪುರಾಣದ ಮಾತೇ ಅಮೆರಿಕಕ್ಕೆ ಹೋಗಿ ತಿರುಗಿ ಬಂದಿದೆ. 1986ರಲ್ಲಿ ಲ್ಯೂಕಾಸ್‌ಫಿಲ್ಮ್ ಕಂಪನಿಯವರು ಟೆಲಿಫೋನ್ ತಂತಿಯ ಮೇಲೆ ನಡೆಸಿದ 'ಹ್ಯಾಬಿಟಾಟ್' ಎಂಬ ಆಟದಲ್ಲಿಯೇ ಈ ಹೆಸರು ಇತ್ತು. 2003ರಲ್ಲಿ 'ಸೆಕೆಂಡ್ ಲೈಫ್' ಬಂತು. 2017ರಲ್ಲಿ 'ವಿಆರ್‌ಚಾಟ್' ಸಾರ್ವಜನಿಕರ ಕೈಗೆ ಸಿಕ್ಕಿತು. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ಇದೇ ಭವಿಷ್ಯವೆಂದು ತನ್ನ ಹೆಸರನ್ನೇ 'ಮೆಟಾ' ಎಂದು ಬದಲಾಯಿಸಿತು. ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. 2022ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ ಉದ್ಘಾಟನೆಯಾದಾಗ ಅದರದೇ ಪ್ರತಿರೂಪವನ್ನು ಇಂಥ ಲೋಕದಲ್ಲಿಯೂ ಕಟ್ಟುವುದಾಗಿ ಸಾರಿದರು. ವಿಮಾನ ಹತ್ತದವನೂ ವಿಮಾನ ನಿಲ್ದಾಣದಲ್ಲಿ ಅಡ್ಡಾಡಬಹುದು ಎಂದಾಯಿತು.

ಹಗಲುವೇಷಗಾರರನ್ನು ಕಂಡ ನಮ್ಮ ಸೀಮೆಯವರಿಗೆ ಇದು ತೀರ ಹೊಸದೇನಲ್ಲ. ವೇಷ ಹಾಕಿದವನು ಬೇರೆ, ವೇಷ ಬೇರೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಹಗಲುವೇಷದವನು ನಮ್ಮ ಊರ ಬೀದಿಯಲ್ಲಿ ಆಡಿ ನಮ್ಮಿಂದ ಜೋಳ ಪಡೆದು ಹೋಗುತ್ತಿದ್ದ, ಬೀದಿ ನಮ್ಮದಾಗಿತ್ತು. ಇಲ್ಲಿ ವೇಷ ನಮ್ಮದು, ಬೀದಿ ಕಂಪನಿಯದು. ಈ ವ್ಯತ್ಯಾಸವನ್ನು ಓದುಗರು ಕಡೆಯವರೆಗೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ನಮ್ಮ ಮಿತ್ರರ ಪ್ರಶ್ನೆಗೆ ಬರೋಣ. 2007ರಲ್ಲಿ ಇಟಲಿಯಲ್ಲಿ ಐಬಿಎಂ ಕಂಪನಿಯ ಸುಮಾರು 9000 ನೌಕರರ ವೇತನ ಒಪ್ಪಂದದ ಮಾತುಕತೆ ನಡೆದಿತ್ತು. ನೌಕರರು ಕೇಳಿದ್ದು ಅಲ್ಪ ಹೆಚ್ಚಳ. ಕಂಪನಿ ಕೊಟ್ಟ ಉತ್ತರವೆಂದರೆ, ಅದುವರೆಗೆ ಸಿಗುತ್ತಿದ್ದ ಉತ್ಪಾದನಾ ಬೋನಸ್ಸಿಗೇ ಕತ್ತರಿ. ತಲೆಗೆ ವರ್ಷಕ್ಕೆ 1000 ಯೂರೋ ನಷ್ಟ. ಗಿರಣಿಯಾದರೆ ಬಾಗಿಲ ಮುಂದೆ ನಿಲ್ಲಬಹುದು. ಊರೂರಿನ ಕಚೇರಿಗಳಲ್ಲಿ, ಮನೆಗಳಲ್ಲಿ ಕಂಪ್ಯೂಟರಿನ ಮುಂದೆ ಹಂಚಿಹೋದ ಕೆಲಸಗಾರರು ಯಾವ ಬಾಗಿಲ ಮುಂದೆ ನಿಲ್ಲಬೇಕು? ಆಗ ಅವರಿಗೆ ಹೊಳೆದದ್ದು ಸೆಕೆಂಡ್ ಲೈಫ್. ಐಬಿಎಂ ಆ ಲೋಕದಲ್ಲಿ ತಾನೇ ದ್ವೀಪಗಳನ್ನು ಹಿಡಿದು ದೊಡ್ಡ ಪ್ರಚಾರ ನಡೆಸಿತ್ತು. "ನಿಮ್ಮ ಅಂಗಳ ಅಲ್ಲಿದ್ದರೆ ನಮ್ಮ ಧರಣಿಯೂ ಅಲ್ಲಿಯೇ" ಎಂಬುದು ಕಾರ್ಮಿಕರ ತರ್ಕ. ಮಿಲಾನ್ ಬಳಿಯ ವಿಮೆರ್ಕಾತೆಯ ಕಾರ್ಮಿಕ ಪ್ರತಿನಿಧಿಗಳು ಯೂನಿ ಎಂಬ ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟದ ಬೆಂಬಲ ಪಡೆದರು. ಬಂದವರಿಗೆಲ್ಲ ತೊಡಲು ಗುರುತಿನ ಅಂಗಿ, ಹಿಡಿಯಲು ಫಲಕ ಇರುವ ಮುಷ್ಕರದ ಗಂಟೊಂದನ್ನು ಅಲ್ಲಿಯೇ ಹಂಚಿದರು. ಸೆಪ್ಟೆಂಬರ್ 27ರಂದು 30 ದೇಶಗಳಿಂದ 1800ಕ್ಕೂ ಹೆಚ್ಚು ಅವತಾರಗಳು ಬಂದು ಐಬಿಎಂ ದ್ವೀಪಗಳಲ್ಲಿ ನಿಂತವು ಎಂದು ಸಂಘಟಕರು ಲೆಕ್ಕ ಕೊಟ್ಟರು.

ಮುಂದೆ ಕೆಲವೇ ವಾರಗಳಲ್ಲಿ ಇಟಲಿಯ ಐಬಿಎಂ ಮುಖ್ಯಸ್ಥರು ಹುದ್ದೆ ಬಿಟ್ಟರು. ಹೊಸ ಒಪ್ಪಂದದಲ್ಲಿ ಬೋನಸ್ ಮರಳಿತು. ಇದೆಲ್ಲ ಗೊಂಬೆಗಳಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಗೊಂಬೆಗಳ ಹಿಂದೆ ಚಂದಾ ಕೊಡುವ, ಸಭೆ ಸೇರುವ, ಮಾತುಕತೆಯ ಮೇಜಿನ ಮುಂದೆ ಕೂರುವ ನಿಜವಾದ ಸಂಘ ಇತ್ತು. ಸಂಘವಿಲ್ಲದೆ 1800 ಅವತಾರ ಬಂದಿದ್ದರೆ ಅದು ಜಾತ್ರೆಯಾಗುತ್ತಿತ್ತು, ಮುಷ್ಕರವಾಗುತ್ತಿರಲಿಲ್ಲ. ಆದುದರಿಂದ ನಮ್ಮ ಮಿತ್ರರಿಗೆ ಉತ್ತರ ಇಷ್ಟೇ: ಅಲ್ಲಿ ಯೂನಿಯನ್ ತಾನಾಗಿ ಇರುವುದಿಲ್ಲ, ನಾವು ಇಲ್ಲಿಂದ ಕೊಂಡೊಯ್ದರೆ ಇರುತ್ತದೆ.

"ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವೇ?" ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಬೀದರ ಜಿಲ್ಲೆಯ ಎಷ್ಟು ಮನೆಗಳ ಮಕ್ಕಳು ಇಂದು ಹೈದರಾಬಾದ್, ಪುಣೆ, ಮುಂಬಯಿಗಳಲ್ಲಿ ಚದುರಿ ದುಡಿಯುತ್ತಿದ್ದಾರೆಂಬುದನ್ನು ಅವರು ಲೆಕ್ಕ ಹಾಕಲಿ. ಒಂದು ಕಟ್ಟೆಯ ಮೇಲೆ ಕೂರಲಾರದವರಿಗೆ ಇದೂ ಒಂದು ಕಟ್ಟೆ. ಧಣಿಗಳು ಬಳಸುವ ಸಾಧನವನ್ನು ದುಡಿಯುವವರು ಕಲಿಯದಿದ್ದರೆ ನಷ್ಟ ಧಣಿಗಳಿಗಲ್ಲ. ಹೀಗಾಗಿ ಹೋಗಬೇಡಿರೆಂದು ನಾವು ಹೇಳುವುದಿಲ್ಲ. ತಿಳಿದು ಹೋಗಿರಿ, ಜೊತೆಗೂಡಿ ಹೋಗಿರಿ ಎನ್ನುತ್ತೇವೆ.

ಹೋಗುವ ದಾರಿ ಕಷ್ಟದ್ದಲ್ಲ. ಆ ಸಂಜೆ ನಾವೇ ಕಲಿತೆವು. ಮೊದಲನೆಯದಾಗಿ, ಕಣ್ಣಿಗೆ ಕಟ್ಟುವ ದುಬಾರಿ ಕನ್ನಡಕ ಬೇಕೇ ಬೇಕೆಂಬುದು ಸುಳ್ಳು. ಸೆಕೆಂಡ್ ಲೈಫ್, ವಿಆರ್‌ಚಾಟ್ ಎರಡನ್ನೂ ಸಾಧಾರಣ ತೆರೆಯ ಮೇಲೆಯೇ ನೋಡಬಹುದು; ಪ್ರವೇಶವೂ ಪುಕ್ಕಟೆ. ಆದರೆ ಕಂಪ್ಯೂಟರ್ ತೀರ ಹಳೆಯದಾದರೆ ಗೊಂಬೆ ಹೆಜ್ಜೆಗೊಮ್ಮೆ ನಿಲ್ಲುತ್ತದೆ. ಪ್ರತಿ ಹೊಸ ಜಾಗದ ಚಿತ್ರಗಳೂ ಇಳಿದು ಬರಬೇಕಾದ್ದರಿಂದ ಡೇಟಾ ಬೇಗ ಖರ್ಚಾಗುತ್ತದೆ. ದಿನದ ಪ್ಯಾಕು ಹಾಕಿಸುವವರು ಇದನ್ನು ನೆನಪಿಡಬೇಕು.

ಎರಡನೆಯದು ಹೆಸರು. ಸ್ವಂತ ಹೆಸರು, ಊರು, ಫೋನ್ ನಂಬರು ಹಾಕಬೇಡಿರಿ. ಬೇರೊಂದು ಹೆಸರು ಕಟ್ಟಿಕೊಳ್ಳಿರಿ. ಬ್ಯಾಂಕಿಗೆ ಬಳಸುವ ಪಾಸ್‌ವರ್ಡನ್ನು ಇಲ್ಲಿ ಬಳಸಲೇಬೇಡಿರಿ. ಮೂರನೆಯದು ವೇಷ. ಸಿದ್ಧವಾಗಿ ಪುಕ್ಕಟೆ ಸಿಗುವ ಗೊಂಬೆಯನ್ನೇ ಆರಿಸಿರಿ. ಮೊದಲ ದಿನವೇ ಬಟ್ಟೆ, ಕೂದಲು, ರೆಕ್ಕೆ ಎಂದು ಕೊಳ್ಳಲು ಹೊರಟವನ ಜೇಬು ತೂತಾಗುತ್ತದೆ.

ನಾಲ್ಕನೆಯದು ನಡೆ ಮತ್ತು ನುಡಿ. ಕೀಲಿಮಣೆಯ ಬಾಣದ ಗುರುತು ಒತ್ತಿದರೆ ಗೊಂಬೆ ನಡೆಯುತ್ತದೆ. ಸೆಕೆಂಡ್ ಲೈಫಿನಲ್ಲಿ ನೀವು ಬರೆದ ಮಾತು 20 ಮೀಟರ್ ಸುತ್ತಲಿನವರಿಗೆ ಕಾಣುತ್ತದೆ. ಕೂಗಿದರೆ 100 ಮೀಟರ್, ಪಿಸುಗುಟ್ಟಿದರೆ 10 ಮೀಟರ್. ಸಂತೆಯ ಲೆಕ್ಕವೇ ಇದು! ವಿಆರ್‌ಚಾಟಿನಲ್ಲಿ ಮೈಕಿನ ಮೂಲಕ ಬಾಯಿಂದಲೇ ಮಾತು. ಹತ್ತಿರ ಹೋದಂತೆ ದನಿ ದೊಡ್ಡದಾಗುತ್ತದೆ. ಮೈಕು ತೆರೆದಿದ್ದರೆ ನಿಮ್ಮ ಮನೆಯ ಜಗಳವೂ ಬ್ರೆಜಿಲಿಗೆ ಕೇಳಿಸುತ್ತದೆಂಬುದನ್ನು ಮರೆಯಬೇಡಿರಿ. ಹೊಸಬರು ಮೊದಲು ಬದಿಗೆ ನಿಂತು ಕೇಳಬೇಕು, ಆಮೇಲೆ ಮಾತಾಡಬೇಕು. ಪರಸ್ಥಳದ ಸಭೆಗೆ ಹೋದಾಗ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ.

ಐದನೆಯದನ್ನು ಎಲ್ಲಕ್ಕಿಂತ ಮೊದಲೇ ಕಲಿಯಬೇಕು. ಕಾಟ ಕೊಡುವವನ ದನಿ ಮುಚ್ಚುವುದು, ಅವನನ್ನು ಕಣ್ಣಿಂದಲೇ ಮರೆಮಾಡುವುದು, ಕಂಪನಿಗೆ ದೂರು ಕೊಡುವುದು — ಈ ಮೂರು ಗುಂಡಿಗಳು ಎಲ್ಲಿವೆಯೆಂದು ನೋಡಿಟ್ಟುಕೊಳ್ಳಿರಿ. ಹೆಣ್ಣುಮಕ್ಕಳಿಗೆ ಇದು ಅತ್ಯಗತ್ಯ. 2021ರಲ್ಲಿ ಮೆಟಾ ಕಂಪನಿಯ 'ಹೊರೈಜನ್ ವರ್ಲ್ಡ್ಸ್' ಇನ್ನೂ ಪರೀಕ್ಷೆಯಲ್ಲಿದ್ದಾಗಲೇ ಅಲ್ಲಿ ತನ್ನ ಅವತಾರದ ಮೈಮೇಲೆ ಕೈ ಹಾಕಿದರೆಂದು ಮಹಿಳೆಯೊಬ್ಬಳು ದೂರಿದಳು. 2022ರ ಫೆಬ್ರುವರಿಯಲ್ಲಿ ಕಂಪನಿ ಅವತಾರಗಳ ನಡುವೆ ಸುಮಾರು 4 ಅಡಿ ಅಂತರದ ಕಾಣದ ಬೇಲಿಯೊಂದನ್ನು ಹಾಕಬೇಕಾಯಿತು. ಮೈಯೇ ಇಲ್ಲದ ಲೋಕದಲ್ಲೂ ಹೆಣ್ಣಿಗೆ ಬೇಲಿ ಬೇಕಾಯಿತೆಂದರೆ ಗಂಡಸರು ತಲೆ ತಗ್ಗಿಸಬೇಕಾದ ಮಾತು. ಮಕ್ಕಳ ವಿಷಯವೂ ಹಾಗೆಯೇ. 13 ವರ್ಷ ತುಂಬದವರಿಗೆ ವಿಆರ್‌ಚಾಟ್ ಪ್ರವೇಶ ಕೊಡುವುದಿಲ್ಲವೆಂದು ಅದರ ನಿಯಮವೇ ಹೇಳುತ್ತದೆ. ಮಗು ಒಳಗೆ ಯಾರ ಜೊತೆ ಮಾತಾಡುತ್ತಿದೆಯೆಂದು ಪಕ್ಕದಲ್ಲಿ ಕುಳಿತು ನೋಡುವುದು ತಾಯಿತಂದೆಗಳ ಕೆಲಸ. ಹಣ ಕೇಳಿದವನು, ಓಟಿಪಿ ಕೇಳಿದವನು ಎಷ್ಟೇ ಚೆಂದದ ವೇಷದಲ್ಲಿರಲಿ, ಕಳ್ಳನೇ. ಮೋಸ ಹೋದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿರಿ.

ವೇಷದ ಒಂದು ಗುಣವನ್ನು ಹೇಳದಿದ್ದರೆ ನ್ಯಾಯವಾಗದು. ಅವತಾರಕ್ಕೆ ಜಾತಿಯಿಲ್ಲ. ನರಿಯ ವೇಷದವನನ್ನು ಯಾವ ಓಣಿಯವನೆಂದು ಯಾರೂ ಕೇಳಲಾರರು. ಆದರೆ ನಮ್ಮವರೇ ನಾಲ್ವರು ಸೇರಿದಲ್ಲಿ ಐದನೆಯ ಮಾತಿಗೆ "ನಿಮ್ಮ ಅಡ್ಡಹೆಸರೇನು?" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಕೇಳುವ ನಾಲಗೆಯನ್ನು ತಿದ್ದುವ ಯಂತ್ರವನ್ನು ಯಾವ ಕಂಪನಿಯೂ ಕಂಡುಹಿಡಿದಿಲ್ಲ. ಆ ಕೆಲಸ ಇನ್ನೂ ನಮ್ಮ ಪಾಲಿನದೇ.

ಇನ್ನು ಸಣ್ಣ ವ್ಯಾಪಾರಸ್ಥರಿಗೆ ಎರಡು ಮಾತು. "ಅಲ್ಲಿ ಅಂಗಡಿ ಹಾಕಿದರೆ ಲಾಭವುಂಟೇ?" ಎಂದು ನಮ್ಮ ಕಿರಾಣಿ ಮಿತ್ರರು ಕೇಳಿದರು. ಸೆಕೆಂಡ್ ಲೈಫಿನಲ್ಲಿ ಲಿಂಡನ್ ಡಾಲರ್ ಎಂಬ ನಾಣ್ಯವೇ ಇದೆ. ಬಟ್ಟೆಬರೆ ಮಾಡಿ ಮಾರುವವರೂ ಇದ್ದಾರೆ. ಆದರೆ 2006ರಲ್ಲಿ ಅಲ್ಲಿಯ ಮೊದಲ ದಶಲಕ್ಷ ಡಾಲರಿನ ಒಡತಿಯೆಂದು ಹೆಸರಾದವರು ಐಲಿನ್ ಗ್ರೇಫ್. ಅವರ ದಂಧೆ ಜಾಗ ಕೊಂಡು ಬಾಡಿಗೆಗೆ ಬಿಡುವುದು. 2007ರಲ್ಲಿ ಅಲ್ಲಿ ಒಂದು ಸ್ವಂತ ದ್ವೀಪ ಬೇಕೆಂದರೆ ಮೊದಲು 1675 ಡಾಲರ್, ಆಮೇಲೆ ತಿಂಗಳಿಗೆ 295 ಡಾಲರ್ ಕಂಪನಿಗೆ ಕಟ್ಟಬೇಕಾಗಿತ್ತು. ಒಂದು ಸೇರು ತೊಗರಿ ಬೆಳೆಯದ ನೆಲಕ್ಕೆ ತಿಂಗಳ ತಿಂಗಳ ಕಂದಾಯ! ನಮ್ಮ ಸೀಮೆಯಲ್ಲಿ ಜಹಗೀರುಗಳು ರದ್ದಾದದ್ದು 1949ರಲ್ಲಿ. ಅವು ಹೀಗೆ ಗಾಳಿಯಲ್ಲಿ ಮರುಹುಟ್ಟು ಪಡೆಯುತ್ತವೆಂದು ಆಗ ಯಾರು ಎಣಿಸಿದ್ದರು?

ಅದೂ ಶಾಶ್ವತವೇ? ಅಲ್ಲ. ಗೂಗಲ್ ಕಂಪನಿ 2008ರ ಜುಲೈಯಲ್ಲಿ 'ಲೈವ್ಲಿ' ಎಂಬ ಇಂಥ ಊರನ್ನು ತೆರೆದು ಅದೇ ವರ್ಷದ ಡಿಸೆಂಬರ್ 31ಕ್ಕೆ ಮುಚ್ಚಿತು. ಮೈಕ್ರೋಸಾಫ್ಟ್ ಕಂಪನಿಯ 'ಆಲ್ಟ್‌ಸ್ಪೇಸ್‌ವಿಆರ್' 2023ರ ಮಾರ್ಚಿ 10ರಂದು ಮುಚ್ಚಿತು. ಅಲ್ಲಿ ವರ್ಷಗಟ್ಟಲೆ ಕೂಡಿ ಕಟ್ಟಿದ ಮನೆ, ಚಾವಡಿ, ಗೆಳೆತನದ ಜಾಗಗಳೆಲ್ಲ ಒಂದು ಪ್ರಕಟಣೆಯೊಂದಿಗೆ ಹೋದವು. ಸಂತೆಯ ದಿನ ಜಾಗ ಬಿಡಿಸಲು ಬಂದವರೊಡನೆ ನಾವು ವಾದಿಸಬಹುದು, ಅರ್ಜಿ ಕೊಡಬಹುದು, ಕೂತುಬಿಡಬಹುದು. ಅಲ್ಲಿ ಕೂರಲು ನೆಲವೇ ಉಳಿಯುವುದಿಲ್ಲ. ಆದುದರಿಂದ ವ್ಯಾಪಾರಿ ಮಿತ್ರರೇ, ನೋಡಲು ಹೋಗಿರಿ, ಕಲಿಯಲು ಹೋಗಿರಿ. ಬಂಡವಳ ಹಾಕಲು ಹೋಗಬೇಡಿರಿ.

ಬಂಡವಳ ಹಾಕುವವರ ಕಥೆಯನ್ನೂ ನೋಡಿರಿ. ಈ ಲೋಕಗಳನ್ನೂ ಕನ್ನಡಕಗಳನ್ನೂ ಕಟ್ಟುವ ಮೆಟಾದ ವಿಭಾಗವೊಂದೇ 2022ರಲ್ಲಿ 1300 ಕೋಟಿ ಡಾಲರಿಗೂ ಹೆಚ್ಚು, 2024ರಲ್ಲಿ 1700 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ಇಷ್ಟು ಹಣ ಸುರಿದವರು ಧರ್ಮಛತ್ರ ಕಟ್ಟುತ್ತಿಲ್ಲ. ಇಂದಲ್ಲ ನಾಳೆ ಅದನ್ನು ಎತ್ತಿಯೇ ಎತ್ತುತ್ತಾರೆ: ಜಾಹೀರಾತಿನಿಂದ, ಬಾಡಿಗೆಯಿಂದ, ನಾವು ಎಲ್ಲಿ ನೋಡಿದೆವು, ಯಾರೊಡನೆ ನಿಂತೆವು ಎಂಬ ಲೆಕ್ಕದಿಂದ. ಕಾರ್ಮಿಕರ ಗುಪ್ತ ಸಮಾಲೋಚನೆಗೆ ಇದು ತಕ್ಕ ಜಾಗವಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಭೂಮಿ ಹಿಡಿದವನು ಬೇಡದ ಅವತಾರವನ್ನು ಒಂದು ಗುಂಡಿ ಒತ್ತಿ ಹೊರಹಾಕಬಲ್ಲ. ಗುಟ್ಟಿನ ಮಾತು ಬೇವಿನ ಮರದ ಕೆಳಗೆ ಆಗಲಿ. ಬಹಿರಂಗದ ಮಾತು ಅಲ್ಲಿಗೂ ಹೋಗಲಿ.

ಕಡೆಗೆ ನಾವು ಕೇಳುವುದು ಮೂರು. ಒಂದು, ಸೆಕೆಂಡ್ ಲೈಫಿನ ಆಜ್ಞೆಗಳು ಇಂದಿಗೂ ಕನ್ನಡದಲ್ಲಿಲ್ಲ. ನಮ್ಮ ಭಾಷೆಯಲ್ಲಿ ಆಜ್ಞೆಪಟ್ಟಿ ಇಲ್ಲದ ಊರಿನಲ್ಲಿ ನಾವು ಯಾವಾಗಲೂ ಹೊರಗಿನವರೇ. ಇಂಥ ಸಾಫ್ಟ್‌ವೇರ್ ಕನ್ನಡದಲ್ಲಿ ಬರಬೇಕೆಂದು ಕನ್ನಡಿಗ ಎಂಜಿನಿಯರುಗಳೂ ಸರ್ಕಾರವೂ ಒತ್ತಾಯಿಸಬೇಕು. ಎರಡು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ದುಡಿದು ಬಂದವರಿಗೆ ಸಂಜೆಯ ಹೊತ್ತು ಕಂಪ್ಯೂಟರ್ ಕಲಿಯುವ ಅವಕಾಶ ಇರಬೇಕು. ಪರೀಕ್ಷೆಗೆ ಓದುವ ಹುಡುಗರಿಗೆ ಮಾತ್ರವಲ್ಲ. ಮೂರು, ನಮ್ಮ ಸಂಘಗಳು ಹತ್ತು ಹತ್ತು ಸದಸ್ಯರ ತಂಡ ಮಾಡಿ ಈ ಹೊಸ ನಡೆಯನ್ನು ಕಲಿಸಬೇಕು. ಇಟಲಿಯವರು ಮುಷ್ಕರದ ಗಂಟು ಹಂಚಿದ್ದು ನೆನಪಿರಲಿ.

ಅಂಗಡಿಯ ದೀಪ ಆರಿಸುವ ಹೊತ್ತಿಗೆ ಆ ಸಕ್ಕರೆ ಕಾರ್ಖಾನೆಯ ಮಿತ್ರರು ತಾವೇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ಗೊಂಬೆಯನ್ನು ಎರಡು ಸಲ ಗೋಡೆಗೆ ಗುದ್ದಿಸಿ, ಮೂರನೆಯ ಸಲ ನೇರ ನಡೆಸಿಕೊಂಡು ಚೌಕದ ನಡುವೆ ನಿಲ್ಲಿಸಿದರು. ಮುಂದೆ ಏನು ಮಾತಾಡಲೆಂದು ನಮ್ಮನ್ನು ಕೇಳಿದರು. ಪಾಳಿ ಎಷ್ಟು ತಾಸಿನದು, ಕೂಲಿ ಎಷ್ಟು ಎಂದು ಆ ಬ್ರೆಜಿಲಿನವನನ್ನು ಕೇಳಿರಿ ಎಂದೆವು.