ಕಡಲ ತೀರದಲ್ಲಿ ಓದು

ಬೇಸಗೆಯ ರಜೆ ಬಂದಿತೆಂದರೆ ಕಡಲು ನೋಡಲು ಹೊರಡುವುದು ನಮ್ಮ ಹಾಸನದ ಸೀಮೆಯಲ್ಲಿ ಈಗ ಒಂದು ರೂಢಿಯೇ ಆಗಿದೆ. ಹಿಂದಿನವರು ಘಟ್ಟ ಇಳಿಯುತ್ತಿದ್ದುದು ಹೆಚ್ಚಾಗಿ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹರಕೆ ಹೊತ್ತು. ಕಡಲು ಆ ಯಾತ್ರೆಯ ಕೊನೆಗೆ, ಸಮಯ ಉಳಿದರೆ, ದೊರೆಯುತ್ತಿದ್ದ ಲಾಭ. ಈಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಸಂಸಾರ ಸಮೇತರಾಗಿ ಕಡಲನ್ನೇ ಗುರಿಯಾಗಿಟ್ಟುಕೊಂಡು ಹೊರಟು, ಸೋಮೇಶ್ವರ, ಪಣಂಬೂರು, ಕಾಪು, ಮಲ್ಪೆಗಳಲ್ಲಿ ಎರಡು ಮೂರು ದಿನ ತಂಗಿ ಬರುವವರು ಅನೇಕರು. ಹೊರಡುವ ಮುನ್ನ ಚೀಲ ತುಂಬುವ ಸಂಭ್ರಮವನ್ನು ನೋಡಬೇಕು. ಚಕ್ಕುಲಿ, ಕೋಡುಬಳೆ, ದಾರಿಯ ಬುತ್ತಿ, ನೀರಿಗಿಳಿದು ನೆನೆದರೆ ಉಡಲು ಇನ್ನೊಂದು ಜೊತೆ ಬಟ್ಟೆ, ಹಿರಿಯರ ಮಾತ್ರೆಗಳ ಪೊಟ್ಟಣ; ಇವೆಲ್ಲಕ್ಕೂ ಮೊದಲು, ತಲೆಗೊಂದರಂತೆ ಮೊಬೈಲಿನ ಚಾರ್ಜರು. ಆ ಚೀಲದಲ್ಲಿ ಒಂದು ಪುಸ್ತಕಕ್ಕೂ ಸ್ಥಳವುಂಟೇ ಎಂಬುದು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆ.

ಪ್ರಶ್ನೆ ಹೊಸದೇನೂ ಅಲ್ಲ. ಶಾಲೆಯ ಕಡೆಯ ದಿನ ಉಪಾಧ್ಯಾಯರು ಮಕ್ಕಳಿಗೆ, "ರಜೆಯಲ್ಲಾದರೂ ಮೊಬೈಲು ಕೆಳಗಿಟ್ಟು ಪುಸ್ತಕ ಹಿಡಿಯಿರಿ" ಎಂದು ಹೇಳಿಯೇ ಕಳುಹಿಸುತ್ತಾರೆ. ತಂದೆತಾಯಿಗಳು ಮನೆಯಲ್ಲಿ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ಉಪದೇಶ ಒಳ್ಳೆಯದೇ. ಆದರೆ ಅದರಲ್ಲಿ ಬೇರೆ ಬೇರೆಯಾದ ಎರಡು ಕೆಲಸಗಳು ಒಂದೇ ಎಂಬಂತೆ ಬೆರೆತುಹೋಗಿವೆ. ಮೊಬೈಲನ್ನು ಆರಿಸಿಡುವುದು ಬಿಡುವ ಕೆಲಸ. ಪುಸ್ತಕ ಓದುವುದು ಹಿಡಿಯುವ ಕೆಲಸ. ಬಿಟ್ಟ ಮಾತ್ರಕ್ಕೆ ಹಿಡಿದಂತಾಗುವುದಿಲ್ಲ. ಏಕಾದಶಿಯ ಉಪವಾಸ ಮಾಡಿದವನಿಗೆ ದ್ವಾದಶಿಯ ಪಾರಣೆಯೂ ಉಂಟು. ಪಾರಣೆಯೇ ಇಲ್ಲದ ಉಪವಾಸವನ್ನು ಯಾವ ಶಾಸ್ತ್ರವೂ ವಿಧಿಸಿಲ್ಲ. ರಜೆಯ ಓದಿನ ವಿಷಯದಲ್ಲಿ ನಾವು ಆಡುವ ಮಾತೆಲ್ಲ ಉಪವಾಸದ ಮಾತಾಗಿದೆ. ಊಟ ಯಾವುದು, ಬಡಿಸುವವರು ಯಾರು, ಜೊತೆಯಲ್ಲಿ ಕೂರುವವರು ಯಾರು ಎಂಬುದನ್ನು ನಾವು ಯೋಚಿಸಿಲ್ಲ.

ಇದಕ್ಕೆ ನಿದರ್ಶನ ಬೇಕಾದವರು ಹಾಸನದಿಂದ ಮಂಗಳೂರಿಗೆ ಹಗಲಿನ ರೈಲಿನಲ್ಲಿ ಹೋಗಿದ್ದರೆ ನೆನಪು ಮಾಡಿಕೊಳ್ಳಬಹುದು. 1979ರಲ್ಲಿ ಮೀಟರ್‌ಗೇಜಾಗಿ ತೆರೆದು, 2007ರಲ್ಲಿ ಬ್ರಾಡ್‌ಗೇಜಾಗಿ ಪ್ರಯಾಣಿಕರಿಗೆ ಮತ್ತೆ ಒದಗಿದ ಆ ಮಾರ್ಗದಲ್ಲಿ, ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೂ ನಡುವೆ ಸುಮಾರು 55 ಕಿಲೋಮೀಟರಿನಷ್ಟು ಘಟ್ಟ. ಅದರಲ್ಲಿ 57 ಸುರಂಗಗಳು. ಆ ದಾರಿಯ ಬಹುಭಾಗದಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕುವುದಿಲ್ಲ. ಯಾರೂ ವ್ರತ ತೊಡದೆಯೇ ಗಾಡಿಯಲ್ಲಿರುವವರಿಗೆಲ್ಲ ಉಪವಾಸ ಒದಗುತ್ತದೆ. ಕಾಡು ಕಾಣುವಾಗ ಜನ ಕಾಡನ್ನು ನೋಡುತ್ತಾರೆ, ಮಾತನಾಡುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಇದೆಲ್ಲ ಸಂತೋಷವೇ. ಆದರೆ ಘಟ್ಟದ ಕೆಳಗೆ ಸಿಗ್ನಲ್ ಬಂದ ಕ್ಷಣದಲ್ಲಿ ಗಾಡಿಯ ತುಂಬ ಒಮ್ಮೆಲೇ ಎದ್ದ ಕಿಣಿಕಿಣಿ ಸದ್ದಿಗೆ ತಲೆಗಳೆಲ್ಲ ಬಾಗುತ್ತವೆ. ಎರಡು ಗಂಟೆಗಳ ಬಿಡುವು ಹೇಗೆ ಬಂದಿತೋ ಹಾಗೆಯೇ ಹೋಗುತ್ತದೆ.

ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರು 2022ರಲ್ಲಿ ಒಂದು ಏರ್ಪಾಡು ಮಾಡಿದರು. ಸಂಜೆ ಏಳಕ್ಕೆ ಸೈರನ್ ಕೂಗಿದರೆ ಒಂದೂವರೆ ಗಂಟೆಯ ಕಾಲ ಮನೆಗಳಲ್ಲಿ ಟೆಲಿವಿಷನ್ನು, ಮೊಬೈಲುಗಳನ್ನು ಆರಿಸಿಡಬೇಕು. ನಮ್ಮ ಬೆಳಗಾವಿಯ ಬಳಿಯ ಹಲಗಾ ಗ್ರಾಮದವರೂ 2024ರ ಡಿಸೆಂಬರಿನಲ್ಲಿ ಇಂಥದೇ ಕ್ರಮವನ್ನು ಕೈಗೊಂಡರು. ಈ ಪ್ರಯತ್ನಗಳಲ್ಲಿ ಮೆಚ್ಚತಕ್ಕ ಅಂಶವೆಂದರೆ ನಿಯಮ ಮಕ್ಕಳಿಗೆ ಮಾತ್ರವೇ ಅಲ್ಲದೆ ಹಿರಿಯರಿಗೂ ಉಂಟೆಂಬುದು. ನಮ್ಮ ರಜೆಗಳಲ್ಲಿ ನಡೆಯುವುದು ಹೀಗಲ್ಲ. ಮರಳಿನ ಮೇಲೆ ಕುಳಿತ ತಂದೆಗೆ ಕಚೇರಿಯ ಸಂದೇಶ ಬರುತ್ತಿರುತ್ತದೆ. ತಾಯಿಗೆ ನೆಂಟರ ವಾಟ್ಸಾಪ್ ಗುಂಪಿಗೆ ಅಲೆಗಳ ಚಿತ್ರ ಕಳುಹಿಸಬೇಕಾಗಿರುತ್ತದೆ. ಮಗನ ಕೈಯ ಮೊಬೈಲನ್ನು ಮಾತ್ರ ಕಸಿದು ಚೀಲದಲ್ಲಿಟ್ಟಿರುತ್ತಾರೆ. "ಅಪ್ಪ, ನಿಮ್ಮದನ್ನೂ ಇಡಿ" ಎಂದು ಆ ಹುಡುಗ ಕೇಳಿದರೆ ಅದು ಉದ್ಧಟತನವೆನಿಸೀತು. ನ್ಯಾಯ ನೋಡಿದರೆ ಅವನ ಮಾತಿಗೆ ಉತ್ತರವಿಲ್ಲ. ಹಿರಿಯರು ಓದದ ಮನೆಯಲ್ಲಿ ಮಕ್ಕಳಿಗೆ ವಿಧಿಸಿದ ಓದು ಶಿಕ್ಷೆಯಾಗಿ ತೋರುತ್ತದೆ; ಶಿಕ್ಷೆಯನ್ನು ಪ್ರೀತಿಸಿದ ಮಗುವನ್ನು ಯಾರೂ ಕಂಡಿಲ್ಲ.

ಓದಿನ ಶಕ್ತಿ ಹಿರಿಯರಲ್ಲಿಯೂ ಸವೆಯುತ್ತಿದೆಯೆಂಬುದಕ್ಕೆ ದೂರದೇಶದ ಒಂದು ಸಾಕ್ಷ್ಯವಿದೆ. ಅಮೆರಿಕದ ಮೇರಿಯಾನ್ ವುಲ್ಫ್ ಎಂಬಾಕೆ ಓದುವಾಗ ಮಿದುಳು ಹೇಗೆ ಕೆಲಸ ಮಾಡುತ್ತದೆಂಬುದನ್ನು ಬಹುಕಾಲ ಅಭ್ಯಾಸ ಮಾಡಿದ ವಿದುಷಿ. ತಾವು ಎಳೆತನದಲ್ಲಿ ಬಹುವಾಗಿ ಮೆಚ್ಚಿದ್ದ ಹೆರ್ಮನ್ ಹೆಸ್ಸೆಯ ಒಂದು ದೊಡ್ಡ ಕಾದಂಬರಿಯನ್ನು ಮತ್ತೆ ಓದಲು ಕುಳಿತಾಗ ಅದು ತಮ್ಮಿಂದಾಗಲಿಲ್ಲವೆಂದು 2018ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಹೇಳಿಕೊಂಡಿದ್ದಾರೆ. ದಿನವೆಲ್ಲ ಪರದೆಯ ಮೇಲೆ ಕಣ್ಣು ಹಾಯಿಸಿ ಹಾಯಿಸಿ, ಮನಸ್ಸು ನಿಂತು ಓದುವ ಅಭ್ಯಾಸವನ್ನೇ ಕಳೆದುಕೊಂಡಿತ್ತು. ಆಮೇಲೆ ಅವರು ದಿನಕ್ಕೆ ಇಪ್ಪತ್ತು ನಿಮಿಷದಂತೆ ಎರಡು ವಾರ ಪಟ್ಟು ಹಿಡಿದು ಓದಿದರು. ಹಳೆಯ ಶಕ್ತಿ ಮರಳಿತು. ಓದನ್ನೇ ವೃತ್ತಿಯಾಗಿ ಉಳ್ಳವರ ಪಾಡು ಹೀಗಾದರೆ ನಮ್ಮ ನಿಮ್ಮ ಪಾಡೇನು? ಕಡಲ ತೀರದಲ್ಲಿ ಮೊದಲ ದಿನ ಪುಸ್ತಕ ತೆರೆದು, ಎರಡು ಪುಟಕ್ಕೆ ಬೇಸರವಾಗಿ ಮುಚ್ಚಿದವರು "ನನಗೆ ಓದಿನ ರುಚಿಯಿಲ್ಲ" ಎಂದು ಕೈಚೆಲ್ಲಬೇಕಾದದ್ದಿಲ್ಲ. ಕಳೆದದ್ದು ಅಭ್ಯಾಸ, ಅದು ಮರಳಿ ಬರುವಂಥದು. ಆದರೆ ಹೊರಡುವುದಕ್ಕೆ ಎರಡು ವಾರ ಮೊದಲೇ ಮನೆಯ ಜಗಲಿಯಲ್ಲಿ ಆರಂಭಿಸುವುದು ಮೇಲು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. "ವರುಷಕ್ಕೊಮ್ಮೆ ಕಡಲ ಬಳಿಗೆ ಹೋಗುತ್ತೇವೆ. ಅಲ್ಲಿಯೂ ಪುಸ್ತಕದಲ್ಲಿ ಮುಖ ಹುದುಗಿಸುವುದಾದರೆ ಮೊಬೈಲಿಗೂ ಪುಸ್ತಕಕ್ಕೂ ಭೇದವೇನು? ಕಡಲನ್ನು ನೋಡುವುದೇ ಅಲ್ಲಿಯ ಓದಲ್ಲವೇ?" ಎಂದು ಕೇಳಬಹುದು. ಕಡಲನ್ನು ನೋಡಲೇಬೇಕು. ಬೆಳಗಿನ ತಂಪಿನಲ್ಲಿ, ಸಂಜೆ ಸೂರ್ಯ ನೀರಿಗಿಳಿಯುವ ಹೊತ್ತಿನಲ್ಲಿ ಪುಸ್ತಕ ಚೀಲದಲ್ಲಿಯೇ ಇರಲಿ. ಆದರೆ ಏಪ್ರಿಲ್ ಮೇ ತಿಂಗಳ ಕರಾವಳಿಯಲ್ಲಿ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಮರಳಿನ ಮೇಲೆ ಕಾಲಿಡಲಾಗದೆಂಬುದು ಹೋದವರಿಗೆಲ್ಲ ಗೊತ್ತು. ಆ ಆರು ಗಂಟೆಗಳು ತಂಗಿದ ಕೋಣೆಯ ಪಂಖದ ಕೆಳಗೆ ಮೊಬೈಲಿನ ಪಾಲಾಗುತ್ತವೆ. ಅದರಲ್ಲಿ ಎರಡು ಗಂಟೆಯನ್ನು ಕೇಳಿದರೆ ಕಡಲಿಗೆ ನಷ್ಟವಿಲ್ಲ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯ. ಬರಿಗಣ್ಣಿಗೆ ಕಡಲು ಎಷ್ಟು ಕಾಣುತ್ತದೆ? ನೀರು, ಅಲೆ, ದೂರದಲ್ಲೊಂದು ದೋಣಿ, ಕಾಪುವಿನಲ್ಲಾದರೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಬಯಲಿನಿಂದ ಬಂದ ನಮಗೆ ಆ ತೀರ ಚಿತ್ರ ತೆಗೆಸಿಕೊಳ್ಳಲು ಕಟ್ಟಿದ ಪರದೆಯಂತೆ ತೋರುತ್ತದೆ. ಅಲ್ಲಿ ಬಾಳುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ಎಳನೀರು ಕೊಚ್ಚಿ ಕೊಡುವವರಾಗಿ, ಕೋಣೆ ಬಾಡಿಗೆಗೆ ಕೊಡುವವರಾಗಿ ಮಾತ್ರ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಓದಿದವನಿಗೆ ಅದೇ ತೀರ ಬೇರೆಯಾಗಿ ಕಾಣುತ್ತದೆ. 1940ರ ದಶಕದ ಆರಂಭದಲ್ಲಿ ಬಂದ ಆ ಕಾದಂಬರಿ ಕೋಟದ ಬಳಿಯ ಕೋಡಿಯಲ್ಲಿ ಮೂರು ತಲೆಮಾರುಗಳು ಬಾಳಿದ ಕಥೆ. ಬಗ್ಗಿ ಬಗ್ಗಿ ದುಡಿದು ಮನೆಯನ್ನು ನಿಲ್ಲಿಸುವ ಪಾರೋತಿ, ಸರಸೋತಿಯರನ್ನು, ಗಂಡನ ದೆಸೆಯಿಂದ ನೊಂದೂ ಮಗನನ್ನು ಬೆಳೆಸುವ ನಾಗವೇಣಿಯನ್ನು ಅರಿತ ಮೇಲೆ ಆ ಮರಳು ಬರಿಯ ಮರಳಾಗಿ ಉಳಿಯುವುದಿಲ್ಲ. ಅಲೆಯ ಮೊರೆತವನ್ನು ನಾವು ಎರಡು ದಿನದ ಸಂಗೀತವಾಗಿ ಕೇಳುತ್ತೇವೆ. ಒಂದು ಮನೆತನಕ್ಕೆ ಅದು ಹುಟ್ಟಿನಿಂದ ಸಾವಿನವರೆಗೆ ಕಿವಿಯಲ್ಲಿದ್ದ ಸದ್ದೆಂದು ತಿಳಿಯುತ್ತದೆ. ಆ ನೆಲವನ್ನು ನಮಗೆ ಕಾಣಿಸುವ ಇಂಥ ಪುಸ್ತಕವನ್ನು ಹಿಡಿದವನು ಕಡಲಿನಿಂದ ಮುಖ ತಿರುಗಿಸಿದನೆಂದು ಹೇಳುವುದು ಹೇಗೆ?

ಆದ್ದರಿಂದ ಯಾವುದನ್ನಾದರೂ ಓದಿ ಎನ್ನುವುದಕ್ಕಿಂತ, ಹೋಗುವ ನೆಲದ ಪುಸ್ತಕವನ್ನು ಒಯ್ಯಿರಿ ಎನ್ನುವುದು ಹೆಚ್ಚು ಫಲಕಾರಿಯೆಂದು ನನ್ನ ಅಭಿಪ್ರಾಯ. ಎಳೆಯ ಮಕ್ಕಳಿದ್ದರೆ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಪದ್ಯಗಳಿವೆ. ಅವರ 'ತೆಂಕಣ ಗಾಳಿಯಾಟ'ವನ್ನು ಕಡಲ ಗಾಳಿಯಲ್ಲಿ ನಿಂತು ಗಟ್ಟಿಯಾಗಿ ಓದಿಸಿದರೆ ಅರ್ಥ ಹೇಳುವ ಕೆಲಸವನ್ನು ಗಾಳಿಯೇ ಮಾಡುತ್ತದೆ. ಕಾಲೇಜಿನ ಮಕ್ಕಳಿಗೆ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಇದೆ. ಆ ಕರಾವಳಿಯ ಮುಸ್ಲಿಮ್ ಹೆಣ್ಣುಮಕ್ಕಳ ಬಾಳನ್ನು ಒಳಗಿನಿಂದ ತೋರಿಸುವ ಕಾದಂಬರಿ ಅದು.

ಓದುವ ರೀತಿಯ ಬಗೆಗೂ ಒಂದು ಮಾತು. ಓದೆಂದರೆ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಮೌನವಾಗಿ ಕೂರುವುದೆಂದು ನಾವು ತಿಳಿದಿದ್ದೇವೆ. ನಮ್ಮ ನಾಡಿನ ಹಳೆಯ ಪದ್ಧತಿ ಹಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ, ಮಳೆಗಾಲದ ಸಂಜೆಗಳಲ್ಲಿ, ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ನೆರೆಯ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ವಾಚಿಸುತ್ತಿದ್ದರು. ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಕೇಳಿ ಪದ್ಯಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಒಂದು ಪುಸ್ತಕ ಇಡೀ ಕೇರಿಗೆ ಸಾಕಾಗುತ್ತಿತ್ತು. ಸಂಸಾರ ಸಮೇತ ಹೋದ ರಜೆಗೆ ಈ ಕ್ರಮವೇ ಒಪ್ಪುವಂಥದು. ಐದು ಜನರಿಗೆ ಐದು ಪುಸ್ತಕ ಬೇಡ, ಒಂದೇ ಸಾಕು. ಒಬ್ಬರು ಒಂದು ಅಧ್ಯಾಯ ಓದಲಿ, ಮರುದಿನ ಇನ್ನೊಬ್ಬರು. ಅಜ್ಜಿಯ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿರುತ್ತದೆ. ಅವರೇ ನಡುವೆ ತಡೆದು "ನಮ್ಮೂರಲ್ಲೂ ಹೀಗೇ ಒಬ್ಬರಿದ್ದರು ಕಣೋ" ಎಂದು ಪುಸ್ತಕದಲ್ಲಿಲ್ಲದ ಒಂದು ಅಧ್ಯಾಯವನ್ನು ಸೇರಿಸಿಯಾರು. ಮೊಬೈಲಿನಲ್ಲಿಯೂ ಪುಸ್ತಕಗಳಿವೆಯಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಇವೆ, ಒಳ್ಳೆಯದು, ಆದರೆ ಓದುತ್ತಿರುವಾಗಲೇ ಬೇರೆ ಹತ್ತು ಕಡೆಗೆ ಕರೆಯದ ಪುಸ್ತಕ ಕಾಗದದ್ದು ಒಂದೇ.

ಇಷ್ಟೆಲ್ಲ ಹೇಳುವಾಗ ನಮ್ಮ ಈ ನಾಲ್ಕು ಊರುಗಳ ಪೂರ್ವಾರ್ಜಿತವನ್ನು ಮರೆಯಲಾಗದು. ಹಾಸನ ತಾಲ್ಲೂಕಿನ ಗೊರೂರು ಕನ್ನಡಕ್ಕೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರನ್ನು ಕೊಟ್ಟಿತು. ಅ.ನ.ಕೃ. ಎಂಬ ಹೆಸರಿನ ಮೊದಲಕ್ಷರವೇ ಅರಕಲಗೂಡಿನದು. ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಸಾಮಾನ್ಯರನ್ನು ಓದುಗರನ್ನಾಗಿ ಮಾಡಿದವರು ಅವರು. ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯ ಶಾಂಕರ ವೇದಾಂತವನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡ ಎಸ್. ಎಲ್. ಭೈರಪ್ಪನವರು 'ಗೃಹಭಂಗ'ದಲ್ಲಿ ಈ ಸೀಮೆಯ ಬಡತನವನ್ನೂ ಪ್ಲೇಗನ್ನೂ ಒಬ್ಬ ತಾಯಿಯ ಧೈರ್ಯವನ್ನೂ ಚಿರವಾಗಿಸಿದರು. ಅದೇ 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದವು. ಅಂದು ಅಭಿನಂದನೆಯ ಚಿತ್ರಗಳನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದವರು ಲೆಕ್ಕವಿಲ್ಲದಷ್ಟು. ಆ ಕಥೆಗಳಲ್ಲಿ ಒಂದನ್ನಾದರೂ ಓದಿದವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಎಂದು ನಾವೇ ಎಣಿಸಿಕೊಳ್ಳಬೇಕು. ಊರಿನ ಹೆಮ್ಮೆಯನ್ನು ಹಂಚುವುದು ಸುಲಭ. ಅದನ್ನು ಗಳಿಸಿಕೊಟ್ಟ ಪುಟಗಳನ್ನು ತಿರುವಲು ಒಂದು ಮಧ್ಯಾಹ್ನ ಬೇಕು.

ಇನ್ನು ಎಲ್ಲರಿಗೂ ಕಡಲಿಗೆ ಹೋಗುವ ಅನುಕೂಲವಿರುವುದಿಲ್ಲ. ಬೇಸಗೆಯಲ್ಲಿ ಹೊಲದ ಕೆಲಸಕ್ಕೆ ನಿಲ್ಲಬೇಕಾದ ಮನೆಗಳೇ ಹೆಚ್ಚು. ಅವರಿಗೆ ಹೇಮಾವತಿಯ ದಡದ ಹೊಂಗೆಯ ನೆರಳು ಸಾಲದೇ? ಬೇಕಾದದ್ದು ಪುಸ್ತಕ, ಅದನ್ನು ಒದಗಿಸಬೇಕಾದವು ಗ್ರಂಥಾಲಯಗಳು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು 1965ರಷ್ಟು ಹಿಂದಿನದು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ನಾವು ಕಟ್ಟುತ್ತೇವೆ. ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಒಮ್ಮೆಗೆ ಮೂರು ನಾಲ್ಕು ಪುಸ್ತಕಗಳನ್ನು ತಿಂಗಳಿಡೀ ಎರವಲು ಕೊಡುವ ಪದ್ಧತಿಯನ್ನು ತಾಲ್ಲೂಕು ಗ್ರಂಥಾಲಯಗಳೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳೂ ಕೈಗೊಂಡರೆ ಖರ್ಚಿಲ್ಲದ ಉಪಕಾರವಾದೀತು. ಪುಸ್ತಕ ಹರಿದುಬಂದರೆ ಎಂಬ ಭಯ ಬೇಡ. ಬೀರುವಿನಲ್ಲಿ ಗೆದ್ದಲು ತಿಂದದ್ದಕ್ಕಿಂತ ಮಕ್ಕಳ ಕೈಯಲ್ಲಿ ಹರಿದದ್ದು ಲೇಸು. ಮಹಾಬಲೇಶ್ವರದ ಬಳಿಯ ಭಿಲಾರ್ ಎಂಬ ಹಳ್ಳಿಯನ್ನು ಮಹಾರಾಷ್ಟ್ರದವರು 2017ರಲ್ಲಿ ಪುಸ್ತಕಗಳ ಊರನ್ನಾಗಿ ಮಾಡಿ, ಮನೆಗಳಲ್ಲಿಯೇ ಓದಲು ಪುಸ್ತಕಗಳನ್ನಿರಿಸಿ ಪ್ರವಾಸಿಗರನ್ನು ಬರಮಾಡಿಕೊಂಡರು. ನಮ್ಮ ಕರಾವಳಿಯ ತಂಗುಮನೆಗಳವರು ಒಂದೊಂದು ಗೂಡು ಕನ್ನಡ ಪುಸ್ತಕಗಳನ್ನಿಟ್ಟರೆ ಬಂದವರಿಗೆ ಆ ನೆಲದ ಪರಿಚಯವೂ ಆದೀತು.

ಉಪಾಧ್ಯಾಯರಲ್ಲಿ ಕಡೆಯದಾಗಿ ಒಂದು ವಿನಂತಿ. ರಜೆಯಲ್ಲಿ ಓದಿದ ಪುಸ್ತಕದ ಸಾರಾಂಶವನ್ನು ನಾಲ್ಕು ಪುಟ ಬರೆದು ತರಬೇಕೆಂಬ ಅಪ್ಪಣೆಯನ್ನು ದಯವಿಟ್ಟು ಕೈಬಿಡಿ. ಆ ಅಪ್ಪಣೆಯಿಂದ ಸಾರಾಂಶ ಬರುತ್ತದೆ, ಅದೂ ಮೊಬೈಲಿನಿಂದಲೇ ಬರುತ್ತದೆ, ಓದು ಬರುವುದಿಲ್ಲ. ಜೂನ್ ತಿಂಗಳ ಮೊದಲ ತರಗತಿಯಲ್ಲಿ ತಾವು ರಜೆಯಲ್ಲಿ ಓದಿದ್ದೇನೆಂದು ಮೊದಲು ಹೇಳಿ, ಆಮೇಲೆ ಮಕ್ಕಳನ್ನು ಕೇಳಿ. ಗುರುಗಳು ಸಂತೋಷದಿಂದ ಹೇಳಿದ ಪುಸ್ತಕದ ಹೆಸರನ್ನು ತರಗತಿಯಲ್ಲಿ ಒಬ್ಬಿಬ್ಬರಾದರೂ ನೆನಪಿಟ್ಟುಕೊಳ್ಳುತ್ತಾರೆ, ಹುಡುಕಿಕೊಂಡು ಹೋಗುತ್ತಾರೆ. ಈ ಬೇಸಗೆಯಲ್ಲಿ ಚೀಲ ಕಟ್ಟುವಾಗ ಚಾರ್ಜರುಗಳಲ್ಲಿ ಎರಡನ್ನು ತೆಗೆದಿಟ್ಟರೆ ಒಂದು ಕಾದಂಬರಿಗೆ ಸ್ಥಳ ತಾನಾಗಿ ದೊರೆಯುತ್ತದೆ. ಉಳಿದ ಚಾರ್ಜರು ಮನೆಗೆಲ್ಲ ಒಂದಿದ್ದರೆ ಸಾಕು.