ಮನವಿ ಪತ್ರ: ಎಪ್ಪತ್ತೆರಡು ತಾಸಿನೊಳಗೆ, ತಿಳಿಯುವ ಮಾತಿನಲ್ಲಿ

ಗೆ,
ಮಾನ್ಯ ಆರೋಗ್ಯಾಧಿಕಾರಿಗಳು,
ಪುಣೆ ಮಹಾನಗರಪಾಲಿಕೆ, ಶಿವಾಜಿನಗರ, ಪುಣೆ.
ಪ್ರತಿ: ಮಹಾರಾಷ್ಟ್ರ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆ, ಮುಂಬೈ.

ವಿಷಯ: ಅಸುರಕ್ಷಿತ ಸಂಪರ್ಕದ ನಂತರ ಗುಪ್ತರೋಗದ ಭಯದಲ್ಲಿರುವವರಿಗೆ ಸಕಾಲದಲ್ಲಿ ಔಷಧ, ಪರೀಕ್ಷೆ ಹಾಗೂ ಕನ್ನಡದಲ್ಲಿ ಆಪ್ತ ಸಮಾಲೋಚನೆ ಒದಗಿಸುವ ಕುರಿತು.

ಮಾನ್ಯರೇ,

ನಾವು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ವಾಘೋಲಿಯ ಕಟ್ಟಡ ಕೆಲಸದಲ್ಲಿ ದುಡಿಯುವವರು. ಸಂಕೋಚ ಬಿಟ್ಟು ಬರೆಯುತ್ತಿದ್ದೇವೆ.

ನಮ್ಮ ಜೊತೆಯ ಹುಡುಗನೊಬ್ಬ ಒಂದು ಶನಿವಾರ ರಾತ್ರಿ ನಿರೋಧ್ ಇಲ್ಲದೆ ಸಂಪರ್ಕ ಮಾಡಿದ. ಮರುದಿನದಿಂದ ಅವನಿಗೆ ಊಟ ಸೇರಲಿಲ್ಲ. ತಗಡಿನ ಶೆಡ್ಡಿನಲ್ಲಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಬೆಳಕು ಹಿಡಿದು ನಾಲಿಗೆ, ತೊಡೆಸಂದು ನೋಡಿಕೊಳ್ಳುತ್ತಿದ್ದ. ಸೊಳ್ಳೆ ಕಚ್ಚಿದ ಗುಳ್ಳೆಯೂ ಅವನ ಕಣ್ಣಿಗೆ ಏಡ್ಸ್. ಐದನೇ ದಿನ ಪಗಾರ ಕಳೆದುಕೊಂಡು ಹೋಗಿ ಪರೀಕ್ಷೆಗೆ ರಕ್ತ ಕೊಟ್ಟ. ‘ನೆಗೆಟಿವ್’ ಎಂಬ ಚೀಟಿ ಬಂತು. ಇಷ್ಟು ಬೇಗ ಹೊಸ ಸೋಂಕು ಪರೀಕ್ಷೆಯಲ್ಲಿ ಕಾಣುವುದಿಲ್ಲ, ಮೂರು ತಿಂಗಳಿಗೆ ಮತ್ತೆ ಬರಬೇಕು ಎಂಬುದನ್ನು ಮರಾಠಿಯಲ್ಲಿ ಹೇಳಿದ್ದರೂ ಹೇಳಿರಬಹುದು, ಅವನಿಗೆ ತಿಳಿಯಲಿಲ್ಲ. ಆಮೇಲೆ ಯಾರೋ ಹೇಳಿದಾಗ ಭಯ ಇಮ್ಮಡಿಯಾಯಿತು. ಹೆಂಡತಿಗೆ ಏನು ಹೇಳಲಿ ಎಂದು ಈ ಸಲ ಊರ ಜಾತ್ರೆಗೂ ಹೋಗಲಿಲ್ಲ.

ನಮ್ಮನ್ನು ಹೆಚ್ಚು ಕಾಡುವುದು ಅವನು ಕಳೆದ ಆ ನಾಲ್ಕು ದಿನ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ತಾಸಿನೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ಶುರು ಮಾಡಿ 28 ದಿನ ತಪ್ಪದೆ ನುಂಗಬೇಕು. ಸೂಜಿ ಚುಚ್ಚಿಕೊಂಡ ಆಸ್ಪತ್ರೆ ಸಿಬ್ಬಂದಿಗೂ ಅತ್ಯಾಚಾರಕ್ಕೊಳಗಾದವರಿಗೂ ಅದನ್ನು ಕೊಡುವ ವ್ಯವಸ್ಥೆ ಇದೆ. ಒಪ್ಪಿಗೆಯ ಸಂಪರ್ಕದ ನಂತರ ಭಯಪಟ್ಟು ಬಂದವರಿಗೂ, ಅಪಾಯ ನೋಡಿ, ಪಾಲಿಕೆಯ ಆಸ್ಪತ್ರೆಗಳಲ್ಲಿ ರಾತ್ರಿ ಮತ್ತು ಭಾನುವಾರವೂ ಉಚಿತವಾಗಿ ಸಿಗಬೇಕೆಂಬುದು ನಮ್ಮ ಮುಖ್ಯ ಬೇಡಿಕೆ.

ಎಚ್‌ಐವಿ ಪರೀಕ್ಷೆ, ಸಮಾಲೋಚನೆ ನಡೆಯುವ ಐಸಿಟಿಸಿ ಕೇಂದ್ರಗಳಲ್ಲಿ ಕನ್ನಡ ಬಲ್ಲ ಆಪ್ತ ಸಮಾಲೋಚಕರು ವಾರಕ್ಕೆರಡು ದಿನವಾದರೂ ಇರಲಿ. ಕೂಲಿಯವರು ಸೇರುವ ಮಜೂರ್ ಅಡ್ಡಾಗಳಲ್ಲಿ 1097 ಏಡ್ಸ್ ಸಹಾಯವಾಣಿ, 72 ತಾಸಿನ ಗಡುವು, ಮರುಪರೀಕ್ಷೆಯ ದಿನ, ಈ ಮೂರನ್ನು ಕನ್ನಡದಲ್ಲಿ ಬರೆದ ಫಲಕ ಹಾಕಿಸಿ. ಎಲ್ಲರ ಗಮನ ಎಚ್‌ಐವಿ ಮೇಲೆಯೇ ಇರುತ್ತದೆ. ಆದರೆ ಗೊನೋರಿಯಾ, ಸಿಫಿಲಿಸ್ ಔಷಧಕ್ಕೆ ವಾಸಿಯಾಗುವ ರೋಗಗಳು, ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಚಿತ ಎಂಬುದು ಗೊತ್ತಿಲ್ಲದೆ ನಮ್ಮವರು ಮೆಡಿಕಲ್ ಅಂಗಡಿಯ ಮಾತ್ರೆ ನುಂಗುತ್ತಾರೆ.

ಹೆಂಡತಿಯರನ್ನು ಮರೆಯಬೇಡಿ. ಇದೇ ಪುಣೆಯ ಗುಪ್ತರೋಗ ಚಿಕಿತ್ಸಾಲಯಗಳಿಗೆ ಬಂದ, ಲೈಂಗಿಕ ವೃತ್ತಿಯಲ್ಲಿಲ್ಲದ 391 ಹೆಂಗಸರಲ್ಲಿ ಶೇ. 13.6ರಷ್ಟು ಮಂದಿಗೆ ಎಚ್‌ಐವಿ ಇತ್ತೆಂದು ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯ ವೈದ್ಯರು 1997ರಲ್ಲಿ ಪ್ರಕಟಿಸಿದ್ದರು. ಗಂಡನ ಜೊತೆಗೆ ಹೆಂಡತಿಗೂ ಪರೀಕ್ಷೆ, ಚಿಕಿತ್ಸೆ ಆಗಲಿ, ಆಕೆಯ ಒಪ್ಪಿಗೆ ಪಡೆದೇ ಆಗಲಿ. ಬುಧವಾರ ಪೇಟೆಯಲ್ಲಿ ಲೈಂಗಿಕ ವೃತ್ತಿಯಲ್ಲಿ ದುಡಿಯುವವರಲ್ಲೂ ನಮ್ಮ ನಾಡಿನ ಹೆಣ್ಣುಮಕ್ಕಳಿದ್ದಾರೆ. ಇಲ್ಲಿ ಕೇಳಿದ್ದೆಲ್ಲ ಅವರಿಗೂ ಸಿಗಬೇಕು, ರೋಗದ ಹೊಣೆಯನ್ನು ಅವರ ತಲೆಗೆ ಕಟ್ಟಬಾರದು.

ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು, ಫಲಿತಾಂಶ ಬಯಲು ಮಾಡಬಾರದು ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಆದರೂ ಸಾಲಿನಲ್ಲಿ ನಿಂತವನ ಹೆಸರನ್ನೂ ಬಂದ ಕಾರಣವನ್ನೂ ಗಟ್ಟಿಯಾಗಿ ಕೂಗುವುದನ್ನು ನಾವು ಕೇಳಿದ್ದೇವೆ. ಹೆಸರಿನ ಬದಲು ಟೋಕನ್ ನಂಬರ್ ಕರೆಯುವಂತೆ ಇಂದೇ ಆದೇಶಿಸಬಹುದು.

ಮರಾಠಿ ಪ್ರತಿ ಲಗತ್ತಿಸಿದ್ದೇವೆ. 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
ವಾಘೋಲಿಯ ಕನ್ನಡಿಗ ಕಟ್ಟಡ ಕಾರ್ಮಿಕರು ಮತ್ತು ಅವರ ಮನೆಯವರು