ಅಂಡಮಾನಿಗೆ ಅಷ್ಟೆಲ್ಲ ಸರಂಜಾಮು ಏಕೆ?

ಅಂಡಮಾನಿಗೆ ವಿಮಾನದ ಟಿಕೆಟ್ ಆದ ಮರುದಿನವೇ ನಮ್ಮವರು ಉದ್ದನೆಯ ಝೂಮ್ ಲೆನ್ಸ್ ಎಲ್ಲಿ ಬಾಡಿಗೆಗೆ ಸಿಗುತ್ತದೆಂದು ವಿಚಾರಿಸತೊಡಗುತ್ತಾರೆ. ಆ ದುಡ್ಡು ಉಳಿಸಿ ಎನ್ನುವುದು ನನ್ನ ವಾದ. ಸರಂಜಾಮು ಪಾರ್ಸಿ ಮೂಲದ ಪದ. ಮರಾಠರ ಆಳ್ವಿಕೆಯಲ್ಲಿ ಸೈನ್ಯ ಸಾಕಲು ಬಿಟ್ಟುಕೊಟ್ಟ ಜಾಗೀರಿಗೂ ಅದೇ ಹೆಸರಿತ್ತು. ನಾಲ್ಕು ದಿನದ ಪ್ರವಾಸಕ್ಕೆ ದಂಡು ಬೇಕಿಲ್ಲ.

ದ್ವೀಪದಲ್ಲಿ ಕ್ಯಾಮೆರಾವನ್ನು ಕೆಡಿಸುವುದು ಉಪ್ಪು ಮತ್ತು ತೇವ. ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ತಣ್ಣಗಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಕೋಣೆಯಲ್ಲೇ ಜಿಪ್ ಕವರಿಗೆ ಹಾಕಿ, ಕವರ್ ಸಮೇತ ಅರ್ಧ ಗಂಟೆ ಹೊರಗಿಟ್ಟರೆ ನೀರಹನಿ ಕವರಿನ ಮೇಲೆ ಕೂರುತ್ತದೆ, ಲೆನ್ಸ್ ಪಾರಾಗುತ್ತದೆ. ಮರಳಿನ ಮೇಲೆ ನಿಂತು ಲೆನ್ಸ್ ಬದಲಿಸುವುದಂತೂ ಬೇಡವೇ ಬೇಡ. ಹಾಗಾಗಿ ಒಂದು ಬಾಡಿ, ಅದಕ್ಕೊಂದೇ ಲೆನ್ಸ್: ಫುಲ್ ಫ್ರೇಮ್ ಆದರೆ 24-70, ಇಲ್ಲವಾದರೆ ಕ್ಯಾಮೆರಾ ಜೊತೆಗೇ ಬಂದ 18-55 ಸಾಕು. ಸಂಜೆ ಹೊರಮೈಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಚೀಲಕ್ಕೆ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಕೊಳ್ಳಲೇಬೇಕಾದ್ದು ಪೋಲರೈಸರ್ ಫಿಲ್ಟರ್. ನೀರಿನ ಮೇಲಿನ ಹೊಳಪು ತಳದ ಹವಳವನ್ನು ಮರೆಮಾಡಿಬಿಟ್ಟರೆ, ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ತಂದುಕೊಡದು. ಒಂದೆರಡು ಸ್ಟಾಪ್ ಬೆಳಕನ್ನು ಅದು ನುಂಗುತ್ತದೆ, ನಿಜ. ಹಗಲಿನಲ್ಲಿ ಅಲ್ಲಿ ಬೆಳಕಿಗೇನೂ ಬರವಿಲ್ಲ.

ಸಂಜೆಗೆ ಬರ. ನಮ್ಮ ಗಡಿಯಾರದ ರೇಖೆ 82.5 ಡಿಗ್ರಿ ಪೂರ್ವದಲ್ಲಿದೆ, ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ) ಅದಕ್ಕಿಂತ ಹತ್ತು ಡಿಗ್ರಿ ಆಚೆ. ಡಿಸೆಂಬರಿನಲ್ಲಿ ಐದೂಕಾಲಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಹ್ಯಾವ್ಲಾಕ್‌ನ ರಾಧಾನಗರ ಕಡಲತೀರಕ್ಕೆ ಮುಂಬೈಯ ಲೆಕ್ಕದಲ್ಲಿ ಆರಕ್ಕೆ ಹೋದರೆ ಕತ್ತಲೆಯ ಫೋಟೊ ಸಿಗುತ್ತದೆ.

ಹಕ್ಕಿಗಳಿಗಾಗಿಯೇ ಚಿಡಿಯಾ ಟಾಪುವಿಗೆ ಹೋಗುವವರು 400 ಎಂಎಂ ಒಯ್ಯಲಿ, ಅವರ ದಾರಿ ಬೇರೆ. ಉಳಿದವರ ಉದ್ದ ಲೆನ್ಸಿನ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಜನರ ಮೀಸಲು ಕಾಡಿನ ನಡುವೆಯೇ ಹಾಯುತ್ತದೆ. ಜಿರ್ಕಾಟಾಂಗ್‌ನಿಂದ ವಾಹನಗಳನ್ನು ಸಾಲಾಗಿ, ಕಾವಲಿನಲ್ಲಿ ಬಿಡುತ್ತಾರೆ. ಜಾರವಾಗಳ ಫೋಟೊ ತೆಗೆಯುವುದು ಕಾನೂನಿನ ಪ್ರಕಾರ ಅಪರಾಧ. ಆದರೂ “ಒಂದೇ ಒಂದು ಕ್ಲಿಕ್, ಯಾರಿಗೆ ಗೊತ್ತಾಗುತ್ತದೆ?” ಎನ್ನುವವರು ನಮ್ಮ ನಡುವೆ ಇದ್ದಾರೆ, ಓದಿದವರೇ. ಭಾಷಾಶಾಸ್ತ್ರದ ತರಗತಿಯಲ್ಲಿ ರೆಕಾರ್ಡರ್ ಒತ್ತುವ ಮೊದಲು ಎದುರಿನವರ ಒಪ್ಪಿಗೆ ಕೇಳಬೇಕೆಂದು ಕಲಿತೆವು. ಓಡುವ ಕಾರಿನ ಕಿಟಕಿಯಿಂದ ಆ ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಕೇಳುತ್ತೀರಿ? ಆಕೆ ಬೇಡ ಎಂದರೂ ನಿಮಗೆ ತಿಳಿಯುವುದಿಲ್ಲ. ದೂರದವರನ್ನು ಹತ್ತಿರ ಎಳೆಯುವ ಗಾಜು ಮಡಿಲಲ್ಲಿದ್ದರೆ ಕೈ ತಡೆಯುವುದು ಕಷ್ಟ. ಅದನ್ನು ಮನೆಯಲ್ಲೇ ಬಿಡಿ ಎನ್ನಲು ಇದೊಂದೇ ಕಾರಣ ಸಾಕೆಂದು ನನಗನ್ನಿಸುತ್ತದೆ. ಮೊಬೈಲಿಗೂ ಇದೇ ಮಾತು.

ಜಿರ್ಕಾಟಾಂಗ್ ಗೇಟಿನಲ್ಲಿ ಕ್ಯಾಮೆರಾ ಡಿಕ್ಕಿಗೆ ಹೋಗಲಿ. ಬಾರಾಟಾಂಗ್‌ನಲ್ಲಿ ದೋಣಿ ಹತ್ತುವಾಗ ತೆಗೆದರಾಯಿತು. ಉತ್ತರ ಕನ್ನಡದವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಕಾಡು ಅಲ್ಲಿ ಎರಡೂ ದಡದಿಂದ ಬಾಗಿ ಕಾಲುವೆಯನ್ನು ಮುಚ್ಚುತ್ತದೆ. ನೆರಳು ದಟ್ಟ, ಪೋಲರೈಸರ್ ಬಿಚ್ಚಿಡಿ, ಐಎಸ್‌ಒ ಏರಿಸಿಕೊಳ್ಳಿ.